ಮೂವತ್ತು ಹೆಜ್ಜೆಯ ಅಕ್ಷರ

ಪುಣೆ
8 ಜನವರಿ 2024

ಪೆದ್ದಣ್ಣ ಮೇಷ್ಟ್ರಿಗೆ ಭುವನಾಳ ನಮಸ್ಕಾರ.

ನನ್ನ ನೆನಪು ನಿಮಗಿರಲಾರದು. ಮಧುಗಿರಿಯ ಕಡಲೆಕಾಯಿ ಎಣ್ಣೆ ಮಿಲ್ಲಿನ ವೃಷಭೇಂದ್ರಪ್ಪನವರ ಕಿರಿಯ ಮಗಳು ನಾನು. ನೀವು ನಮ್ಮ ಮಿಲ್ಲಿನ ಗೋಡೆಗೆ ಹೆಸರು ಬರೆಯುತ್ತಿದ್ದಾಗ ಮೂರು ದಿನ ಸ್ಕೂಲು ತಪ್ಪಿಸಿ ಏಣಿಯ ಕೆಳಗೆ ನಿಂತಿದ್ದೆ. ‘ಅಕ್ಷರದ ಮ್ಯಾಲಿನ ಕಣ್ಣು ತೆಗೀಬ್ಯಾಡ ಕಣಮ್ಮ, ಅಂಗೇ ಹಿಂದಕ್ಕೆ ನಡೀತಾ ಹೋಗು, ತಪ್ಪು ತಾನಾಗೇ ಕಾಣ್ತದೆ’ ಎಂದು ಹೇಳಿಕೊಟ್ಟಿದ್ದಿರಿ. ಆಮೇಲೆ ನಾನು ಓದಿದ ಕಾಲೇಜಿನಲ್ಲಿ ಇದನ್ನೇ ಆರು ತಿಂಗಳು ಕಷ್ಟದ ಮಾತುಗಳಲ್ಲಿ ಹೇಳಿದರು.

ನಾನೀಗ ಪುಣೆಯಲ್ಲಿ ಕಂಪ್ಯೂಟರಿಗೆ ಅಕ್ಷರ ಮಾಡುವ ಕಂಪನಿಯಲ್ಲಿದ್ದೇನೆ. ಎರಡು ವರ್ಷದಿಂದ ಒಂದು ಕನ್ನಡ ಅಕ್ಷರಮಾಲೆಯ ಹಿಂದೆ ಬಿದ್ದಿದ್ದೇನೆ. ಹೆಸರು ‘ಬಯಲು’. ಅದರಲ್ಲಿರುವುದು ಎರಡೇ, ಪೂರ್ತಿ ದುಂಡಗಿನ ವೃತ್ತ ಮತ್ತು ನೇರ ಗೆರೆ. ಗೆರೆ ಎಲ್ಲ ಕಡೆಯೂ ಒಂದೇ ದಪ್ಪ. ತಲೆಕಟ್ಟಿಗೆ ಕೊಂಕಿಲ್ಲ, ಬಾಲಕ್ಕೆ ಸುರುಳಿಯಿಲ್ಲ. ಮಾದರಿ ಹಾಳೆ ಜೊತೆಗಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕಲ್ಲು ತೆಗೆದು ಹಾಗೇ ಬಿಟ್ಟುಹೋದ ಗುಂಡಿಗಳಿವೆಯಲ್ಲ, ನೀರು ತುಂಬಿಕೊಂಡು. ಅವುಗಳ ಬಳಿ ಎಚ್ಚರಿಕೆ ಫಲಕ ಹಾಕುವ ಯೋಜನೆಯೊಂದು ಬಂದಿದೆ. ಒಟ್ಟು ಇನ್ನೂರ ಹನ್ನೆರಡು. ಅದಕ್ಕೆ ಬಯಲು ಅಕ್ಷರವನ್ನು ಕೇಳಿದ್ದಾರೆ. ಮೊದಲು ಮೂರು ಕಡೆ ಕೈಯಿಂದ ಬರೆದು ನಿಲ್ಲಿಸಿ, ಜನ ಎಷ್ಟು ದೂರದಿಂದ ಓದಬಲ್ಲರೆಂದು ಪರೀಕ್ಷೆ ಮಾಡಬೇಕು. ಆ ಮೂರನ್ನು ನೀವೇ ಬರೆಯಬೇಕೆಂದು ನನ್ನ ಆಸೆ.

ಫೋನು ಬೇಡ, ಪತ್ರವನ್ನೇ ಬರೆಯಿರಿ. ಫೋನಿನ ಫೋಟೋದಲ್ಲಿ ವೃತ್ತ ಮೊಟ್ಟೆಯಾಗಿಬಿಡುತ್ತದೆ. ಪರೀಕ್ಷೆಯ ಫಾರಂ ಕೂಡ ಸಹಿ ಸಮೇತ ಕಾಗದದಲ್ಲೇ ಬೇಕಂತೆ.

ಭುವನಾ


ಕೊರಟಗೆರೆ
19 ಜನವರಿ 2024

ಭುವನಮ್ಮನವರಿಗೆ ಪೆದ್ದಣ್ಣನ ನಮಸ್ಕಾರ.

ನೆನಪಿಲ್ಲದೆ ಏನು. ಏಣಿ ಅಲ್ಲಾಡಿಸಿ ನನ್ನ ‘ಮಿ’ ಕೆಡಿಸಿದವರು ನೀವೇ. ಆ ಗೋಡೆ ಇದ್ದರೆ ಹೋಗಿ ನೋಡಿ, ‘ಮಿ’ ಒಂದು ಪೆಗ್ ಹಾಕಿದವನ ಹಾಗೆ ವಾಲಿದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನನ್ನು ಮೇಷ್ಟ್ರು ಎಂದಿದ್ದೀರಿ. ಇರಲಿ, ಕೇಳಲು ಚೆನ್ನಾಗಿದೆ.

ಫ್ಲೆಕ್ಸ್ ಬಂದ ಮೇಲೆ ನನಗೆ ಉಳಿದಿರುವುದು ಲಾರಿಯ ಹಿಂಬದಿ, ಶಾಲೆಯ ಗೋಡೆ, ಮತ್ತೆ ಸಮಾಧಿ ಕಲ್ಲಿನ ಮೇಲಿನ ಹೆಸರು. ಲಾರಿಯೂ ಈಗ ಸ್ಟಿಕರ್ ಅಂಟಿಸಿಕೊಂಡೇ ಬರುತ್ತದೆ. ಆದ್ದರಿಂದ ನೀವು ಬರೆ ಎಂದರೆ ಬರೆಯುತ್ತೇನೆ, ಬಿಗುಮಾನವೇನಿಲ್ಲ.

ಮಾದರಿ ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ದಿನ ನೋಡಿದೆ. ಬ್ರಶ್ಶಿಗೆ ದಪ್ಪ ಸಣ್ಣ ಎರಡೂ ಹುಟ್ಟುಗುಣ. ಒಂದೇ ದಪ್ಪದಲ್ಲಿ ‘ಯ’ ಬರೆಯಲು ಕೈಗೆ ಲಗಾಮು ಹಾಕಬೇಕು. ಆದರೂ ಸುಳ್ಳು ಹೇಳಬಾರದು, ಚೆಂದ ಇದೆ. ಈಗಷ್ಟೇ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟವರ ಹಾಗಿದೆ.

ನನ್ನ ಅನುಮಾನವೂ ಅದೇ. ಅಪಾಯದ ಬೋರ್ಡನ್ನು ನಾನು ಚೆಂದಾಗಿ ಬರೆದವನಲ್ಲ. ಕೆಂಪು ಬಣ್ಣ, ಒರಟು ಗೆರೆ, ಅಲ್ಲಲ್ಲಿ ಬಣ್ಣ ಇಳಿದಿದ್ದರೆ ಇನ್ನೂ ಒಳ್ಳೆಯದು. ಬರೆದಾದ ಮೇಲೆ ಓದು ಬಾರದ ಯಾರನ್ನಾದರೂ ಕರೆದು, ‘ಇದೇನ್ ಹೇಳ್ತದೆ?’ ಎಂದು ಕೇಳುವುದು ನಾನು ಕಲಿತ ಪದ್ಧತಿ. ‘ಯಾರಿಗೋ ಬೈದಂಗೈತೆ’ ಎಂದರೆ ಬೋರ್ಡು ಪಾಸು. ಹಳ್ಳಿಯಲ್ಲಿ ಗುಂಡಿಗೆ ಬೀಳುವವರು ಓದಿಕೊಂಡವರೇ ಆಗಬೇಕೆಂದಿಲ್ಲವಲ್ಲ.

ಪೆದ್ದಣ್ಣ


ಪುಣೆ
2 ಫೆಬ್ರವರಿ 2024

ಮೇಷ್ಟ್ರೇ,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಓದು ಬಾರದವರನ್ನು ಕೇಳುವ ನಿಮ್ಮ ಪದ್ಧತಿಗೆ ನಮ್ಮ ಫಾರಂನಲ್ಲಿ ಜಾಗವಿಲ್ಲ, ಆದರೆ ನೀವು ಬಿಡಬೇಡಿ. ಅವರು ಏನಂದರೆಂದು ನನಗೆ ಬರೆಯಿರಿ.

ಸ್ಟೆನ್ಸಿಲ್ ಹಾಳೆಗಳು ಪಾರ್ಸೆಲಿನಲ್ಲಿವೆ. ಬರಹ ಇಷ್ಟೇ: ‘ಅಪಾಯ. ಆಳವಾದ ನೀರು. ಇಳಿಯಬೇಡಿ.’ ಕಡುನೀಲಿ ತಗಡು, ಬಿಳಿ ಅಕ್ಷರ, ಯೋಜನೆಯವರದೇ ಬಣ್ಣ. ದಯವಿಟ್ಟು ಕೆಂಪು ಬೇಡ, ಒರಟು ಬೇಡ. ನಿಮ್ಮ ಕೈ ತಡೆಯಲಾರದೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಪ್ರತಿ ಫಲಕಕ್ಕೂ ಏಳು ಜನ ಓದಬೇಕು. ಹತ್ತು, ಇಪ್ಪತ್ತು, ಮೂವತ್ತು ಹೆಜ್ಜೆ ದೂರದಿಂದ. ಓದುವವರು ನಿಮ್ಮ ಮನೆಯವರಾಗಿರಬಾರದು. ಮೂವತ್ತು ಹೆಜ್ಜೆಗೆ ಓದಿದರೆ ಬಯಲು ಗೆದ್ದಂತೆ.

ಇನ್ನೊಂದು ಸಣ್ಣ ಕೋರಿಕೆ. ಚನ್ನರಾಯನದುರ್ಗದ ಕಡೆಯ ಫಲಕದ ಫೋಟೋ ನಮ್ಮ ಪುಸ್ತಕದ ಮುಖಪುಟಕ್ಕೆ ಬೇಕು. ಬೆಳಗಿನ ಬಿಸಿಲು ನೇರವಾಗಿ ಅಕ್ಷರದ ಮೇಲೆ ಬೀಳುವಂತೆ, ಹಿಂದೆ ದುರ್ಗದ ಬೆಟ್ಟ ಕಾಣುವಂತೆ ನಿಲ್ಲಿಸಲು ಸಾಧ್ಯವೇ? ಶಿರಾದಿಂದ ಯೋಜನೆಯ ಮೇಲ್ವಿಚಾರಕರು ಪ್ರಸನ್ನಕುಮಾರ್ ಎಂಬುವರು ಕ್ಯಾಮೆರಾ ತರುತ್ತಾರೆ.

ಭುವನಾ


ಕೊರಟಗೆರೆ
3 ಮಾರ್ಚ್ 2024

ಭುವನಮ್ಮನವರಿಗೆ,

ಮೂರೂ ಬೋರ್ಡು ನಿಂತವು. ಒಂದು ಐ.ಡಿ.ಹಳ್ಳಿ ಹತ್ತಿರ, ಒಂದು ಪಾವಗಡದ ಕಡೆ, ಒಂದು ದುರ್ಗದ ಈಚೆಗಿನ ಕರೇಕಲ್ಲು ಗುಂಡಿಗೆ. ಫಾರಂಗಳು ಜೊತೆಗಿವೆ. ಪಾವಗಡದ ಕಡೆ ಒಬ್ಬ ಟ್ರ್ಯಾಕ್ಟರಿನವನು ನಿಲ್ಲಿಸಿ ನೋಡಿ, ‘ಚಾಲಾ ಬಾಗುಂದಿ ಸಾರ್, ಯಾವ್ ಬ್ಯಾಂಕು?’ ಎಂದ. ತುಂಬಾ ಚೆನ್ನಾಗಿದೆ ಎಂದು ತೆಲುಗಿನಲ್ಲಿ ಹೊಗಳಿದ್ದಾನೆ ಎಂದೇ ಇಟ್ಟುಕೊಳ್ಳಿ.

ಕರೇಕಲ್ಲಿನಲ್ಲಿ ನೀವು ಕೇಳಿದ ಬಿಸಿಲು, ಬೆಟ್ಟ ಎರಡೂ ಸಿಗುವ ಜಾಗ ಒಂದೇ. ಗುಂಡಿಯ ಪಕ್ಕದ ಬಂಡೆ. ಬೋರ್ಡನ್ನು ಅದಕ್ಕೇ ಹೊಡೆದಿದ್ದೇನೆ. ಬೋರ್ಡಿಗೆ ಮುಖ ಮಾಡಿ ನಿಂತರೆ ಗುಂಡಿ ಬೆನ್ನ ಹಿಂದೆ ಬರುತ್ತದೆ. ಬಂಡೆಯಿಂದ ಗುಂಡಿಯ ಅಂಚಿಗೆ ಇಪ್ಪತ್ತಾರೇ ಹೆಜ್ಜೆ. ಆದ್ದರಿಂದ ಅಲ್ಲಿನ ಫಾರಂಗಳಲ್ಲಿ ಮೂವತ್ತರ ಮನೆ ಖಾಲಿ ಬಿಟ್ಟಿದ್ದೇನೆ. ನನ್ನಿಷ್ಟಕ್ಕೆ ಬಿಟ್ಟಿದ್ದರೆ ಹಿಂದಿನ ಕಾಲುದಾರಿ ಕವಲಿನಲ್ಲಿ ನಿಲ್ಲಿಸುತ್ತಿದ್ದೆ.

ಓದು ಬಾರದವರಿಗೂ ತೋರಿಸಿದೆ. ಚೆನ್ನಾಗಿದೆ ಎಂದರು.

ಅವರಲ್ಲಿ ಮೇಕೆ ಕಾಯುವ ಒಬ್ಬ ಹೆಂಗಸು ಮಾತ್ರ ಅಲ್ಲಿಂದ ಕದಲಲಿಲ್ಲ. ಅರವತ್ತಾರು ವರ್ಷ. ‘ಈ ಅಕ್ಸರಕ್ಕೆ ಬಾಲ ಗೀಲ ಏನೂ ಇಲ್ಲ ಕಣ್ಲಾ, ಇದಾದ್ರೆ ನಂಗೂ ಬತ್ತದೆ, ಹೇಳ್ಕೊಡು’ ಎಂದು ಗಂಟುಬಿದ್ದಳು. ಬಣ್ಣ ಒಣಗುವವರೆಗೆ ಬೇರೆ ಕೆಲಸವೂ ಇರಲಿಲ್ಲ. ಕೋಲಿನಿಂದ ಮಣ್ಣಿನ ಮೇಲೆ ‘ಅ’ ಬರೆದು ತೋರಿಸಿದೆ. ಸಂಜೆಯೊಳಗೆ ‘ಅಪಾಯ’ ಪೂರ್ತಿ ಓದಿದಳು.

ಪೆದ್ದಣ್ಣ


ಪುಣೆ
20 ಮಾರ್ಚ್ 2024

ಮೇಷ್ಟ್ರೇ,

ನಿಮ್ಮ ಪತ್ರದ ಕೊನೆಯ ಭಾಗವನ್ನು ಎಷ್ಟು ಸಲ ಓದಿದೆನೋ. ಬಯಲು ಅಕ್ಷರದಿಂದಲೇ ಓದು ಕಲಿತ ಮೊದಲ ವ್ಯಕ್ತಿ ಅವಳು. ನಾನು ಯಾಕೆ ಈ ಕೆಲಸಕ್ಕೆ ಬಂದೆ ಎಂದು ಕೇಳುವವರಿಗೆ ಇನ್ನು ಮೇಲೆ ಅವಳನ್ನೇ ಹೇಳುತ್ತೇನೆ.

ಅವಳಿಗೆ ಉಳಿದ ಎರಡು ಸಾಲೂ ಕಲಿಸಿ. ಫಾರಂ ತುಂಬಿ ಕಳಿಸಿ, ಹೆಸರು ಸಮೇತ. ಹತ್ತು, ಇಪ್ಪತ್ತು ಸಾಲದು, ಮೂವತ್ತು ಹೆಜ್ಜೆಗೆ ಓದಿಸಿ. ಕಣ್ಣು ಚೆನ್ನಾಗಿದ್ದರೆ ಖಂಡಿತ ಆಗುತ್ತದೆ, ಅಕ್ಷರದ ಅಳತೆ ಅದಕ್ಕೇ ಇಟ್ಟಿದ್ದೇನೆ. ಕರೇಕಲ್ಲಿನ ಫಾರಂಗಳಲ್ಲಿ ಮೂವತ್ತರ ಮನೆ ಏಕೋ ಖಾಲಿ ಉಳಿದಿದೆ, ಮರೆತಿರೇನೋ. ಫೋಟೋ ಅದ್ಭುತವಾಗಿ ಬಂದಿದೆ.

ಇಲ್ಲಿ ಎಲ್ಲವೂ ಸುಸೂತ್ರ.

ಭುವನಾ


ಕೊರಟಗೆರೆ
14 ಏಪ್ರಿಲ್ 2024

ಭುವನಮ್ಮನವರಿಗೆ,

ಇವತ್ತು ಅಂಬೇಡ್ಕರ್ ಜಯಂತಿ. ನಮ್ಮ ಕಾಲೊನಿಯ ಹುಡುಗರು ಫ್ಲೆಕ್ಸ್ ಮಾಡಿಸಿದ್ದರೂ, ದ್ವಾರದ ಹೆಸರು ಮಾತ್ರ ಪೆದ್ದಣ್ಣನೇ ಬರೆಯಲಿ ಎಂದರು. ನಿಮ್ಮ ಬಯಲು ಅಕ್ಷರದಲ್ಲೇ ಬರೆದೆ. ನೋಡಿದವರು ಇದು ಯಾರ ಅಕ್ಷರ ಎಂದು ಕೇಳಿದರು. ಮಧುಗಿರಿಯ ಹುಡುಗಿಯದು ಎಂದೆ.

ಮೇಕೆಯ ಹೆಂಗಸಿನ ಫಾರಂ ಜೊತೆಗಿಟ್ಟಿದ್ದೇನೆ. ಹೆಸರು ಚಿಕ್ಕಲಕ್ಷ್ಮಮ್ಮ. ಶಾಲೆ ಇಲ್ಲ. ಹತ್ತು ಹೆಜ್ಜೆಗೆ ಮೂರು ಸಾಲೂ ಓದಿದಳು. ಇಪ್ಪತ್ತಕ್ಕೂ ಓದಿದಳು, ‘ಳ’ ಹತ್ತಿರ ಸ್ವಲ್ಪ ತಡವರಿಸಿ. ಬರೆಯಲು ಕಲಿತಿಲ್ಲ, ಆದ್ದರಿಂದ ಹೆಬ್ಬೆಟ್ಟು. ಪುಣೆಯ ಅಮ್ಮನವರು ಮೂವತ್ತು ಕೇಳುತ್ತಿದ್ದಾರೆ ಎಂದು ಹೇಳಿದೆ. ‘ಮೂವತ್ತೇನ್ ದೊಡ್ಡದು, ದಿನಾ ಒಂದೊಂದ್ ಹೆಜ್ಜೆ ಹಿಂದಕ್ಕೆ ಹೋದ್ರಾಯ್ತು, ಅಂಗಂತ ಬರಿ ಅವಳಿಗೆ’ ಎಂದಳು. ಬೆಳಿಗ್ಗೆ ಮೇಕೆ ಬಿಟ್ಟ ಮೇಲೆ ಅದೇ ಕೆಲಸವಂತೆ. ಬಸ್ಸಿನ ಬೋರ್ಡಿನಲ್ಲಿ ಗೊತ್ತಿರುವ ಅಕ್ಷರ ಹುಡುಕುತ್ತಾಳಂತೆ, ಸಿಕ್ಕ ಅಕ್ಷರವನ್ನೇ ಡ್ರೈವರಿಗೆ ಹೆಸರಿಟ್ಟು ನಗುತ್ತಾಳಂತೆ.

ಮೂವತ್ತು ಆದ ದಿನ ಬರೆಯುತ್ತೇನೆ.

ಪೆದ್ದಣ್ಣ


ಪುಣೆ
10 ಮೇ 2024

ಮೇಷ್ಟ್ರೇ,

ಒಂದು ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಮೂವತ್ತು ಆಯಿತೇ?

ಇನ್ನೂರ ಹನ್ನೆರಡು ಫಲಕಕ್ಕೂ ಒಪ್ಪಿಗೆ ಸಿಗುವುದರಲ್ಲಿದೆ. ಜಾಗದ ಮಾದರಿಯಾಗಿ ಕರೇಕಲ್ಲಿನದನ್ನೇ ಹಿಡಿದಿದ್ದಾರೆ. ಎಲ್ಲ ಗುಂಡಿಗಳಲ್ಲೂ ಹಾಗೆಯೇ ಬಂಡೆಗೆ, ನೀರಿನ ಹತ್ತಿರ. ಫೋಟೋ ಅಷ್ಟು ಹಿಡಿಸಿದೆ ಅವರಿಗೆ. ಚಿಕ್ಕಲಕ್ಷ್ಮಮ್ಮನವರ ಮೂವತ್ತರ ಫಾರಂ ಒಂದು ಬಂದರೆ ನನ್ನ ಕೆಲಸ ಮುಗಿಯಿತು.

ಭುವನಾ


ಪುಣೆ
29 ಮೇ 2024

ಮೇಷ್ಟ್ರೇ,

ಕರೇಕಲ್ಲು ಗುಂಡಿಯಲ್ಲಿ ಯಾರೋ ಹೆಂಗಸು ಬಿದ್ದು ತೀರಿಕೊಂಡರೆಂದು ಪ್ರಸನ್ನಕುಮಾರ್ ಫೋನಿನಲ್ಲಿ ಹೇಳಿದರು. ಹೆಸರು ಗೊತ್ತಿಲ್ಲ, ಊರ ಹೆಂಗಸು, ಓದು ಬಾರದವರು ಎಂದಷ್ಟೇ ಹೇಳಿದರು. ಕೇಳಿ ಬಹಳ ಬೇಸರವಾಯಿತು.

ಇಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಿದ್ದಾರೆ, ಫಲಕವಿದ್ದೂ ಹೀಗೇಕಾಯಿತೆಂದು. ಓದು ಬಾರದವರಿಗೆ ಯಾವ ಅಕ್ಷರವಾದರೇನು? ಅದನ್ನೇ ಒಂದು ಹೇಳಿಕೆಯಾಗಿ ಟೈಪು ಮಾಡಿಸಿದ್ದೇನೆ. ‘ಮೃತ ಮಹಿಳೆ ಅನಕ್ಷರಸ್ಥೆ, ಫಲಕವನ್ನು ಓದಲು ಶಕ್ತಳಾಗಿರಲಿಲ್ಲ’ ಎಂದು. ಫಲಕ ಬರೆದವರು, ಆ ಜಾಗ ಬಲ್ಲವರು ನೀವು. ನಿಮ್ಮ ಸಹಿ ಇದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ದಯವಿಟ್ಟು ತಡಮಾಡಬೇಡಿ.

ಭುವನಾ


ಕೊರಟಗೆರೆ
9 ಜೂನ್ 2024

ಭುವನಮ್ಮನವರಿಗೆ,

ನಿಮ್ಮ ಎರಡು ಪತ್ರಗಳೂ ತಲುಪಿವೆ. ಹೇಳಿಕೆಯ ಹಾಳೆಯೂ ತಲುಪಿದೆ.

ಸತ್ತವಳು ಚಿಕ್ಕಲಕ್ಷ್ಮಮ್ಮ. ಅವಳು ನನ್ನ ಒಡಹುಟ್ಟಿದ ಅಕ್ಕ. ನಿಮ್ಮ ಫಾರಂನಲ್ಲಿ ಮನೆಯವರು ಓದಬಾರದು ಎಂದಿತ್ತು. ಆದ್ದರಿಂದ ‘ಸಂಬಂಧ’ ಎಂಬ ಕಡೆ ‘ಇಲ್ಲ’ ಎಂದು ಬರೆದೆ. ಅವಳ ಸಂತೋಷ ನಿಮಗೆ ಗೊತ್ತಾಗಬೇಕೆಂಬ ಆಸೆಗೆ, ಬದುಕಿದ್ದ ಅಕ್ಕನನ್ನು ನನ್ನವಳಲ್ಲ ಎಂದು ಬರೆದೆ.

ಮೇ ಹದಿನೇಳು, ಶುಕ್ರವಾರ. ಹಿಂದಿನ ದಿನ ಜೋರು ಮಳೆ ಬಿದ್ದಿತ್ತು. ಬೆಳಿಗ್ಗೆ ಮೇಕೆ ಹೊಡೆದುಕೊಂಡು ಅವಳ ಜೊತೆ ಹೋದವಳು ಸರೋಜಮ್ಮ, ನೆರೆಮನೆಯವಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: ‘ಬೋರ್ಡ್ ಮ್ಯಾಲೇ ಕಣ್ ನೆಟ್ಕಂಡು ಜೋರಾಗಿ ಓದ್ಕೊಂತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗ್ತಿದ್ಲು ಕಣಪ್ಪ. ಇಪ್ಪತ್ತೈದಕ್ಕೆ ನಿಂತ್ಕಂಡು, ಕಾಣ್ತದೆ ಕಣೇ ಸರೋಜಿ, ಎಲ್ಲಾ ಕಾಣ್ತದೆ ಅಂತ ನಕ್ಕಳು. ಇನ್ನೊಂದ್ ಹೆಜ್ಜೆ ಇಕ್ಕಿದ್ಲು. ಅಂಚು ಕುಸಿದ್ಬುಡ್ತು.’

ಅವಳಿಗೆ ಗುಂಡಿ ಗೊತ್ತಿರಲಿಲ್ಲ ಎಂದಲ್ಲ. ಅವಳ ಗಂಡ ಅಲ್ಲೇ ಕಲ್ಲು ಒಡೆಯುತ್ತಿದ್ದ. ಅಂಚಿನ ಮಣ್ಣು ಮಳೆಗೆ ಸಡಿಲವಾಗಿದ್ದು ಗೊತ್ತಿರಲಿಲ್ಲ. ಕಣ್ಣು ತೆಗೆಯದೆ ಹಿಂದಕ್ಕೆ ನಡೆ ಎಂದು ಕಲಿಸಿದವನು ನಾನು. ಮೂವತ್ತು ಬೇಕಂತೆ ಎಂದು ಹೇಳಿದವನೂ ನಾನು. ಅಲ್ಲಿ ಇಪ್ಪತ್ತಾರೇ ಹೆಜ್ಜೆ ಎಂದು ನಿಮಗೆ ಬರೆದಿದ್ದೆ, ನೀವು ಓದಲಿಲ್ಲ. ಬರೆದವನಿಗೂ ಅದು ನೆನಪಾಗಲಿಲ್ಲ. ಇಬ್ಬರಲ್ಲಿ ಯಾರ ತಪ್ಪು ಹೆಚ್ಚು ಎಂದು ತೂಗುತ್ತಾ ಕೂರುವ ಶಕ್ತಿ ನನಗಿಲ್ಲ.

ಇನ್ನೊಂದು ಸುಳ್ಳು ಹೇಳಿದ್ದೆ. ಮೊದಲ ದಿನ ಬೋರ್ಡು ತೋರಿಸಿ, ‘ಇದೇನ್ ಹೇಳ್ತದಕ್ಕಾ?’ ಎಂದಾಗ ಅವಳು, ‘ಲಗ್ನಪತ್ರಿಕೆ ಇದ್ದಂಗೈತೆ ಕಣ್ಲಾ, ಬಾ ಅಂತ ಕರೆದಂಗೈತೆ’ ಎಂದಿದ್ದಳು. ನನ್ನ ಪದ್ಧತಿಯಲ್ಲಿ ಆ ಬೋರ್ಡು ಅಲ್ಲೇ ಫೇಲು. ನೀವು ನನ್ನನ್ನು ಮೇಷ್ಟ್ರೇ ಎಂದಿದ್ದಿರಲ್ಲ, ನಿಮ್ಮ ಮನಸ್ಸು ಮುರಿಯಲಾಗಲಿಲ್ಲ. ಚೆನ್ನಾಗಿದೆ ಎಂದರು ಎಂದು ಬರೆದು ಕೈ ತೊಳೆದುಕೊಂಡೆ.

ಈಗ ನಿಮ್ಮ ಹೇಳಿಕೆಯ ವಿಷಯ. ನಾನು ಸಹಿ ಮಾಡುವುದಿಲ್ಲ. ಪೊಲೀಸರು ಮಹಜರಿನಲ್ಲೂ ಅನಕ್ಷರಸ್ಥೆ ಎಂದೇ ಬರೆದಿದ್ದಾರೆ. ಜೋರಾಗಿ ಓದುತ್ತಿದ್ದಳು ಎಂದು ಸರೋಜಮ್ಮ ಹೇಳಿದ್ದನ್ನು ‘ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾ’ ಎಂದು ಬರೆದುಕೊಂಡಿದ್ದಾರೆ. ಓದುವವಳನ್ನು ಹುಚ್ಚಿ ಮಾಡಿದ್ದಾರೆ.

ಅವಳಿಗೆ ಏಳು ವರ್ಷವಿದ್ದಾಗ ಸ್ಕೂಲಿಗೆ ಕಳಿಸಿದ್ದರು. ಜಗಲಿಯ ಕೆಳಗೆ ಕೂರಿಸಿದರು. ಎರಡು ದಿನ ಕೂತು, ಮೂರನೇ ದಿನ ಮೇಕೆ ಹೊಡೆದುಕೊಂಡು ಹೋದವಳು ಮತ್ತೆ ಆ ಕಡೆ ತಿರುಗಲಿಲ್ಲ. ನಿಮ್ಮ ಮನೆಯಲ್ಲಿ ನನಗೆ ಟೀ ಕೊಡುತ್ತಿದ್ದ ಲೋಟ ಕಿಟಕಿಯ ಹೊರಗಿರುತ್ತಿತ್ತು. ನೀವು ಚಿಕ್ಕವರು, ನಿಮಗೆ ನೆನಪಿರಲಾರದು. ನಾನು ಯಾವತ್ತೂ ಎತ್ತಿ ಆಡಿದವನಲ್ಲ, ಇವತ್ತು ಆಡುತ್ತಿದ್ದೇನೆ. ಅರವತ್ತು ವರ್ಷ ಹೊರಗೆ ನಿಂತವಳು ಎರಡು ತಿಂಗಳು ಓದಿದಳು. ಆ ಎರಡು ತಿಂಗಳನ್ನು ಯಾರೂ ಅಳಿಸಬಾರದು.

ಅವಳ ರೇಷನ್ ಕಾರ್ಡಿನಿಂದ ಹಿಡಿದು ಎಲ್ಲಕ್ಕೂ ಹೆಬ್ಬೆಟ್ಟೇ ಇದೆ. ಅವಳು ಓದಬಲ್ಲವಳಾಗಿದ್ದಳು ಎಂಬುದಕ್ಕೆ ಇರುವ ಕಾಗದ ಒಂದೇ, ಏಪ್ರಿಲ್ ಹದಿನಾಲ್ಕರ ಫಾರಂ. ಅದು ನಿಮ್ಮ ಹತ್ತಿರ ಇದೆ. ಕಳಿಸಿಕೊಡಿ.

ಪೆದ್ದಣ್ಣ


ಪುಣೆ
2 ಜುಲೈ 2024

ಮೇಷ್ಟ್ರೇ,

ನಾಲ್ಕು ಸಲ ಬರೆದು ಹರಿದಿದ್ದೇನೆ. ನಿಮ್ಮ ಮಾರ್ಚ್ ತಿಂಗಳ ಪತ್ರ ತೆಗೆದು ನೋಡಿದೆ. ‘ಇಪ್ಪತ್ತಾರೇ ಹೆಜ್ಜೆ’ ಅಲ್ಲೇ ಇದೆ. ನಾನು ಅದನ್ನು ಹಾದು ಕೊನೆಯ ಸಾಲುಗಳಿಗೆ ಹೋಗಿಬಿಟ್ಟಿದ್ದೆ. ನನ್ನ ಅಕ್ಷರ ಯಾರಿಗೋ ಓದು ಕಲಿಸಿತು ಎಂಬಲ್ಲಿಗೆ.

ನಾನೂ ನಿಮ್ಮಿಂದ ಮುಚ್ಚಿಟ್ಟದ್ದಿದೆ. ಜನವರಿಯಲ್ಲೇ ಇಲ್ಲಿ ಕನ್ನಡ ಓದಲು ಬಾರದ ಹನ್ನೆರಡು ಜನರಿಗೆ ಈ ಫಲಕವನ್ನು ದೂರದಿಂದ ತೋರಿಸಿ, ಇದೇನಿರಬಹುದು ಎಂದು ಕೇಳಿದ್ದೆವು. ಒಂಬತ್ತು ಜನ ಬ್ಯಾಂಕು, ಆಸ್ಪತ್ರೆ, ಶಾಲೆ ಎಂದರು. ಅಪಾಯ ಎಂದವರು ಮೂವರೇ. ಆ ಪುಟವನ್ನು ವರದಿಯಿಂದ ತೆಗೆದವಳು ನಾನು. ನಿಮ್ಮ ಪದ್ಧತಿಯ ಬಗ್ಗೆ ಓದಿದಾಗ ಆ ಪುಟ ನೆನಪಾಗಿತ್ತು, ಆದರೂ ನಕ್ಕು ಉತ್ತರ ಬರೆದೆ.

ಹೇಳಿಕೆ ನಿಮ್ಮ ಸಹಿಗೆ ಕಾಯಲಿಲ್ಲ. ಮೇ ಮೂವತ್ತೊಂದಕ್ಕೆ ನನ್ನ ಸಹಿಯಲ್ಲೇ ವಿಚಾರಣೆಗೆ ಹೋಯಿತು. ಆಗ ಹೆಸರು ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಗೊತ್ತಿದ್ದರೆ ಮಾಡುತ್ತಿರಲಿಲ್ಲ ಎಂದು ಆಣೆ ಮಾಡುವ ಧೈರ್ಯ ಮಾತ್ರ ಇಲ್ಲ.

ಬಯಲು ಅಕ್ಷರದ ಪುಸ್ತಕವನ್ನು ಚಿಕ್ಕಲಕ್ಷ್ಮಮ್ಮನವರ ಹೆಸರಿಗೆ ಅರ್ಪಿಸುತ್ತೇನೆ. ನಿಮ್ಮ ಮನೆಗೆ ಬಂದು ಕಾಲು ಹಿಡಿಯುತ್ತೇನೆ. ಕಿಟಕಿಯ ಲೋಟ ನನಗೆ ನೆನಪಿದೆ. ನೆನಪಿಲ್ಲದ ಹಾಗೆ ಇದ್ದೆ.

ಭುವನಾ


ಕೊರಟಗೆರೆ
12 ಜುಲೈ 2024

ಭುವನಾ ಅವರಿಗೆ,

ನಿಮ್ಮ ಪತ್ರದ ಲಕೋಟೆಯನ್ನು ಎರಡು ಸಲ ಕೊಡವಿ ನೋಡಿದೆ. ಫಾರಂ ಇರಲಿಲ್ಲ. ಪುಸ್ತಕ ಬೇಡ, ಕಾಲು ಹಿಡಿಯುವುದೂ ಬೇಡ. ಫಾರಂ ಕಳಿಸಿ.

ಪೆದ್ದಣ್ಣ


ಪುಣೆ
24 ಜುಲೈ 2024

ಫಾರಂ ಇದರೊಳಗಿದೆ. ಹಿಂಬದಿಯಲ್ಲಿ, ಈ ಮಹಿಳೆ ಬಯಲು ಅಕ್ಷರವನ್ನು ಇಪ್ಪತ್ತು ಹೆಜ್ಜೆಯಿಂದ ಓದಿದ್ದಾರೆ, ನಾನು ಕೊಟ್ಟ ಹೇಳಿಕೆ ತಪ್ಪು ಎಂದು ಬರೆದು ಸಹಿ ಹಾಕಿದ್ದೇನೆ. ಪಕ್ಕಕ್ಕೆ ತೆಗೆದಿಟ್ಟಿದ್ದ ಆ ಹನ್ನೆರಡು ಜನರ ಪುಟವನ್ನೂ ಮೇಲಿನವರಿಗೆ ಕೊಟ್ಟೆ. ಫಲಕಗಳನ್ನು ನೀರಿನ ಅಂಚಿನಿಂದ ಕಾಲುದಾರಿಗೆ ಸರಿಸಿ ಎಂದು ಕೇಳಿದೆ. ನೋಡೋಣ ಎಂದರು. ನಾನು ಕೆಲಸ ಬಿಟ್ಟಿಲ್ಲ. ಬಿಡುತ್ತೇನೆಂದು ಬರೆಯಲು ಕೂತಿದ್ದೆ, ಆಗಲಿಲ್ಲ.

ಭುವನಾ


ಕೊರಟಗೆರೆ
19 ಆಗಸ್ಟ್ 2024

ಭುವನಾ ಅವರಿಗೆ,

ಫಾರಂ ತಲುಪಿತು. ಅದನ್ನು ಹಿಡಿದುಕೊಂಡು ಅಕ್ಕನ ಸಾವಿನ ವಿಚಾರಣೆಯ ಅಧಿಕಾರಿಯ ಹತ್ತಿರ ಆರು ಸಲ ಹೋದೆ. ಮೊದಲ ಐದು ಸಲ ಅವರು ಸಿಗಲಿಲ್ಲ. ಆರನೇ ಸಲ ಸಿಕ್ಕರು, ಪ್ರಸನ್ನಕುಮಾರ್ ಕೂಡ ಪಕ್ಕದಲ್ಲೇ ಇದ್ದರು.

ಅಧಿಕಾರಿ ಕೆಟ್ಟವರೇನಲ್ಲ. ಕೂರಿಸಿ ಮಾತಾಡಿದರು. ಫಾರಂ ತಿರುಗಿಸಿ ನೋಡಿ, ‘ಸಂಬಂಧ ಇಲ್ಲ ಅಂತ ನೀವೇ ಬರೆದಿದೀರಲ್ರೀ’ ಎಂದರು. ಸುಳ್ಳು ಬರೆದೆ ಸ್ವಾಮಿ, ನನ್ನ ಅಕ್ಕ, ಎಂದೆ. ಆಮೇಲೆ ಅವರು ಮೆತ್ತಗೆ ಹೇಳಿದರು: ‘ನೋಡಿ ಪೆದ್ದಣ್ಣ, ಆಕೆಗೆ ಓದು ಬರ್ತಿರಲಿಲ್ಲ ಅಂತ ಇದ್ರೆ ಯಾರ ತಪ್ಪೂ ಇಲ್ಲ, ಆಕಸ್ಮಿಕ. ಓದು ಬರ್ತಿತ್ತು ಅಂತ ತಿದ್ದಿದ್ರೆ, ಎಚ್ಚರಿಕೆ ಓದಿಯೂ ಹೋದ್ಳು ಅಂತಾಗ್ತದೆ. ತಪ್ಪು ಆಕೆಯದೇ ಆಗ್ತದೆ. ಯಾಕ್ ಬೇಕು ನಿಮಗೆ? ಹಂಗೇ ಬಿಟ್ಬಿಡಿ.’

ಬೋರ್ಡು ನಿಂತ ಜಾಗದ ತಪ್ಪು ಎಂದು ಬರೆಯಿರಿ ಎಂದೆ. ಮೂವತ್ತು ಹೆಜ್ಜೆ ಹೋಗು ಎಂದವರ ತಪ್ಪು ಎಂದು ಬರೆಯಿರಿ, ನನ್ನ ಹೆಸರೂ ಹಾಕಿ, ನನಗೇನೂ ಆಗಬೇಕಿಲ್ಲ ಎಂದೆ. ಅದಕ್ಕೆ ಈ ಕಡತದಲ್ಲಿ ಜಾಗ ಇಲ್ಲವಂತೆ. ಇರುವುದು ಎರಡೇ ಮನೆ, ಸಾಕ್ಷರ, ಅನಕ್ಷರ. ಯಾವುದಕ್ಕೆ ಗುರುತು ಹಾಕಿದರೂ ಬೋರ್ಡಿಗೆ ಏನೂ ಆಗುವುದಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಸರೋಜಮ್ಮ ಜೊತೆಗೆ ಬಂದಿದ್ದಳು. ‘ತಪ್ಪು ಅವಳ ತಲೆಗೇ ಕಟ್ತಾರಲ್ಲ ಪೆದ್ದಣ್ಣ, ಬ್ಯಾಡ ನಡಿ’ ಎಂದಳು. ಅಕ್ಕ ಇದ್ದಿದ್ದರೆ ಏನು ಹೇಳುತ್ತಿದ್ದಳೆಂದು ಯೋಚಿಸಿದೆ. ಯೋಚಿಸುವುದೇನಿತ್ತು, ನನಗೆ ಗೊತ್ತಿತ್ತು. ಒಳಗೆ ಹೋಗಿ, ತಿದ್ದಿ ಸ್ವಾಮಿ ಎಂದೆ.

ನಿಮ್ಮ ಬೋರ್ಡುಗಳು ಎಲ್ಲ ಕಡೆ ಬರುತ್ತಿವೆ. ಶಿರಾ ರಸ್ತೆಯಲ್ಲಿ ನಾಲ್ಕು ನೋಡಿದೆ, ಎಲ್ಲವೂ ಬಂಡೆಗೇ ಇವೆ, ನೀರಿನ ಅಂಚಿನಲ್ಲೇ. ಅವುಗಳ ಎದುರಿಗೆ ಎಷ್ಟು ಹೆಜ್ಜೆ ಜಾಗವಿದೆ ಎಂದು ಅಳೆದು ಪಟ್ಟಿ ಕಳಿಸುತ್ತೇನೆ. ಅದನ್ನಾದರೂ ಸರಿಯಾಗಿ ಓದಿ.

ಕಡತದಲ್ಲಿ ಈಗ ಇರುವುದನ್ನು ನಾನೇ ಕೂತು ಬರೆದುಕೊಂಡು ಬಂದಿದ್ದೇನೆ: ‘ಮೃತಳು ಓದು ಬಲ್ಲವಳಾಗಿದ್ದು, ಎಚ್ಚರಿಕೆ ಫಲಕವನ್ನು ಸ್ಪಷ್ಟವಾಗಿ ಓದಿಯೂ, ತನ್ನ ಸ್ವಂತ ಅಜಾಗರೂಕತೆಯಿಂದ ಗುಂಡಿಗೆ ಬಿದ್ದು ಮೃತಪಟ್ಟಿರುತ್ತಾಳೆ.’ ಅದರ ಕೆಳಗೆ ಒಪ್ಪಿದೆ ಎಂದು ಸಹಿ ಮಾಡಿದವನು ನಾನು, ಅವಳ ತಮ್ಮ.

ಪೆದ್ದಣ್ಣ